ಬೆಳಿಗ್ಗೆ ಬೇಗ ಸ್ಟಾರ್ಟ್ ಆಗದ ಹಳೇ ಕಾರು: ಬ್ಯಾಟರಿ ಬದಲಿಸುವ ಮೊದಲು ಇದನ್ನು ನೋಡಿ

ತೀರ್ಥಹಳ್ಳಿ ಕಡೆ ಮಳೆಗಾಲ ಶುರುವಾದರೆ, ಗಾಡಿ ಸ್ಟಾರ್ಟ್ ಆಗದಿದ್ದಕ್ಕೆಲ್ಲ ಥಂಡಿಯನ್ನೇ ದೂರುತ್ತೇವೆ, ಅಲ್ವಾ? ನಾನೂ ಹಾಗೇ ಅಂದುಕೊಂಡು ಸುಮ್ನೆ ಹೊಸ ಬ್ಯಾಟರಿ ಹಾಕಿಸಿದೆ. ದುಡ್ಡು ಹೋಯಿತು, ತೊಂದರೆ ಉಳಿಯಿತು.

ನಿಮ್ಮದು ಹಳೇ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ) ಪೆಟ್ರೋಲ್ ಕಾರಾದರೆ, ಸೆಲ್ಫ್ ಹೊಡೆಯುವ ಮೊದಲು ಕೀ ಆನ್ ಮಾಡಿ ಕಿವಿಗೊಡಿ. ಟ್ಯಾಂಕಿನ ಕಡೆಯಿಂದ ಒಂದೆರಡು ಸೆಕೆಂಡ್ ‘ಗುಂಯ್’ ಅನ್ನಬೇಕು. ಅದು ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಫ್ಯೂಯಲ್ ಪಂಪ್. ಸದ್ದೇ ಇಲ್ಲ ಅಂದರೆ ಮೊದಲು ಪಂಪಿನ ಫ್ಯೂಸ್, ರಿಲೇ (ಪಂಪಿಗೆ ಕರೆಂಟ್ ಕೊಡುವ ಸ್ವಿಚ್ಚು) ನೋಡಿ. ನಮ್ಮ ತೇವಕ್ಕೆ ಅವುಗಳ ಪಿನ್ನು ಹಸಿರುಗಟ್ಟುವುದು ಜಾಸ್ತಿ.

ಸದ್ದಿದೆಯಾ? ಹಾಗಾದರೆ ಕೀ ಆನ್-ಆಫ್ ಮೂರು ಸಲ ಮಾಡಿ (ಪ್ರತಿ ಸಲ ಪಂಪ್ ಪೆಟ್ರೋಲ್ ಲೈನಿನಲ್ಲಿ ಪ್ರೆಶರ್ ತುಂಬುತ್ತದೆ), ಆಮೇಲೆ ಸೆಲ್ಫ್ ಹೊಡೆಯಿರಿ. ತಕ್ಷಣ ಹಿಡಿದರೆ, ರಾತ್ರಿ ನಿಂತಾಗ ಲೈನಿನ ಪ್ರೆಶರ್ ಇಳಿದಿದೆ ಅಂತ ಅನುಮಾನಿಸಬಹುದು. ಪಂಪಿನೊಳಗಿನ ಚೆಕ್ ವಾಲ್ವ್ (ಪೆಟ್ರೋಲ್ ವಾಪಸ್ ಹೋಗದಂತೆ ತಡೆಯುವುದು), ರೆಗ್ಯುಲೇಟರ್ (ಪ್ರೆಶರ್ ಹದದಲ್ಲಿಡುವುದು), ಇಲ್ಲವೇ ಸೋರುವ ಇಂಜೆಕ್ಟರ್ ಕಾರಣವಿರುತ್ತದೆ. ಎಂಜಿನ್ ಮೇಲೆ ರೆಗ್ಯುಲೇಟರ್ ಇರುವ ಗಾಡಿಯಲ್ಲಿ ಅದರ ವ್ಯಾಕ್ಯೂಮ್ ಪೈಪ್ ಕಳಚಿ ನೋಡಿ. ಒಳಗೆ ಪೆಟ್ರೋಲ್ ಪಸೆ ಇದ್ದರೆ ರೆಗ್ಯುಲೇಟರಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಹರಿದಿದೆ. ನಮ್ಮದರಲ್ಲಿ ಆಗಿದ್ದೂ ಇದೇ.

ಲೈನಿಗೆ ಪ್ರೆಶರ್ ಅಳೆಯುವ ಗೇಜ್ ಹಾಕುವ ಕೆಲಸ ಮೆಕ್ಯಾನಿಕ್‌ಗೇ ಬಿಡಿ. ಆದರೆ ಎಂಜಿನ್ ಆಫ್ ಮಾಡಿದ ಮೇಲೂ ಹತ್ತು ನಿಮಿಷ ಗೇಜಿನ ಮುಳ್ಳು ಬೇಗ ಇಳಿಯುತ್ತದಾ ಅಂತ ನೋಡಲು ಹೇಳಿ. ಹಲವು ಗಾಡಿಗಳಲ್ಲಿ ಲೈನಿನ ಪ್ರೆಶರ್ 3 ಬಾರ್ (ಪ್ರೆಶರಿನ ಅಳತೆ) ಆಸುಪಾಸು ಇರುತ್ತದೆ, ನಿಮ್ಮದರ ಲೆಕ್ಕ ಸರ್ವೀಸ್ ಮ್ಯಾನುಯಲ್‌ನಲ್ಲಿ ಸಿಗುತ್ತದೆ. ಆಗುಂಬೆ ಘಾಟಿ ಹತ್ತುವಾಗ ಎಳೆಯದೆ ಜಗ್ಗುತ್ತಿದ್ದರೆ ಪೆಟ್ರೋಲ್ ಫಿಲ್ಟರ್ ಕಟ್ಟಿರಬಹುದು.

ಪೈಪ್ ಬಿಚ್ಚುವಾಗ ಪಕ್ಕದಲ್ಲಿ ಬೀಡಿ ಹಚ್ಚಿಕೊಂಡು ಸಲಹೆ ಕೊಡುವವರನ್ನು ಮೊದಲು ದೂರ ಕಳಿಸಿ.