ನಿಧಾನ ಪ್ರೋಟಾನು ಅವಾಹಕದಲ್ಲಿ ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ? ಮೊದಲು ಕೈಲೆಕ್ಕ ಮಾಡಿ

ನನ್ನ ಹತ್ತಿರ ಪ್ರಾಜೆಕ್ಟ್ ಮಾಡುವ ಎಂಎಸ್‌ಸಿ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ: ಸ್ರಿಮ್ (ವಸ್ತುವಿನೊಳಗೆ ಹೊಕ್ಕ ಅಯಾನು ಎಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಅಂತ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ತೆರೆಯುವ ಮುಂಚೆ ಹಾಳೆ, ಪೆನ್ನು ತಗೊಳ್ಳಿ. ಸ್ರಿಮ್ ಒಳ್ಳೆಯ ಪ್ರೋಗ್ರಾಂ, ನಾನೂ ಬಳಸುತ್ತೇನೆ. ಆದರೆ ವೇಗ ಕಡಿಮೆಯಾದಂತೆ ಅದು ಎಲೆಕ್ಟ್ರಾನುಗಳಿಗೆ ಹೋಗುವ ಶಕ್ತಿಯನ್ನು ನಯವಾಗಿ ಇಳಿಸುತ್ತಾ ಹೋಗುತ್ತದೆ, ಅಷ್ಟೇ. ಒಂದು ಮಿತಿಗಿಂತ ಕೆಳಗೆ ಅದು ಪೂರ್ತಿ ನಿಲ್ಲಬಹುದು ಅನ್ನೋದು ಅದರ ಲೆಕ್ಕದಲ್ಲಿ ಇಲ್ಲ.

ಲೋಹದಲ್ಲಿ ಇದು ತೊಂದರೆಯಲ್ಲ. ಅಲ್ಲಿ ಎಲೆಕ್ಟ್ರಾನು ಎಷ್ಟು ಚಿಕ್ಕ ಶಕ್ತಿಯನ್ನಾದರೂ ತೆಗೆದುಕೊಳ್ಳುತ್ತದೆ. ಲಿಥಿಯಂ ಫ್ಲೋರೈಡ್‌ನಂಥ ಅವಾಹಕ ಹರಳಿನಲ್ಲಿ ಹಾಗಲ್ಲ. ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನು ತನ್ನ ಜಾಗದಿಂದ ಮೇಲಿನ ಖಾಲಿ ಮಟ್ಟಕ್ಕೆ ಏರಲು ಬೇಕಾದ ಕನಿಷ್ಠ ಶಕ್ತಿ, ಅಲ್ಲಿ ಸುಮಾರು 14 ಎಲೆಕ್ಟ್ರಾನ್ ವೋಲ್ಟ್. ಅಷ್ಟು ಒಟ್ಟಿಗೆ ಸಿಗದಿದ್ದರೆ ಎಲೆಕ್ಟ್ರಾನು ಏಳುವುದೇ ಇಲ್ಲ.

ಈಗ ಲೆಕ್ಕ. ಸುಮ್ನೆ ನಿಂತಿರುವ ಎಲೆಕ್ಟ್ರಾನಿಗೆ ಪ್ರೋಟಾನು ನೇರ ಡಿಕ್ಕಿ ಹೊಡೆದರೆ ಕೊಡಬಲ್ಲ ಗರಿಷ್ಠ ಶಕ್ತಿ ಹೀಗೆ: ಪ್ರೋಟಾನಿನ ಶಕ್ತಿಯನ್ನು 4ರಿಂದ ಗುಣಿಸಿ, 1836ರಿಂದ ಭಾಗಿಸಿ (ಪ್ರೋಟಾನು ಎಲೆಕ್ಟ್ರಾನಿಗಿಂತ ಅಷ್ಟು ಪಟ್ಟು ಭಾರ). 1000 ಎಲೆಕ್ಟ್ರಾನ್ ವೋಲ್ಟ್ ಪ್ರೋಟಾನು ಕೊಡಬಲ್ಲದ್ದು ಬರೀ 2.2 ಎಲೆಕ್ಟ್ರಾನ್ ವೋಲ್ಟ್. ಗ್ಯಾಪ್ ದಾಟಲು 14 ಬೇಕು, ಅಂದರೆ ಪ್ರೋಟಾನಿಗೆ ಸುಮಾರು 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್ ಇರಬೇಕು.

ಇಲ್ಲಿಗೇ ನಿಲ್ಲಿಸಬೇಡಿ. 2009ರಲ್ಲಿ ಆಸ್ಟ್ರಿಯಾದ ಲಿಂಜ್‌ನಲ್ಲಿ ಮಾರ್ಕಿನ್, ಪ್ರಿಮೆಟ್ಜ್‌ಹೋಫರ್, ಬವರ್ ಎಂಬ ಭೌತವಿಜ್ಞಾನಿಗಳು ಇದನ್ನು ಅಳೆದಾಗ ಮಿತಿ ಸಿಕ್ಕಿತು, ಆದರೆ 250 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲಿ. ನಮ್ಮ ಲೆಕ್ಕಕ್ಕಿಂತ ಎಷ್ಟೋ ಕೆಳಗೆ! ಕಾರಣ ಇದೆ. ಹರಳಿನ ಎಲೆಕ್ಟ್ರಾನು ಸ್ವತಂತ್ರವಾಗಿ ನಿಂತಿರುವುದಿಲ್ಲ, ಫ್ಲೋರೈಡ್ ಅಯಾನಿಗೆ ಅಂಟಿಕೊಂಡಿರುತ್ತದೆ. ಪ್ರೋಟಾನು ತೀರಾ ಹತ್ತಿರ ಬಂದಾಗ ಅಲ್ಲಿನ ಎಲೆಕ್ಟ್ರಾನ್ ಮಟ್ಟಗಳೇ ಬದಲಾಗುತ್ತವೆ, ಆ ಜಾಗದಲ್ಲಿ ಗ್ಯಾಪ್ ಕಿರಿದಾಗುತ್ತದೆ. ಹಾಗಾಗಿ ಕೈಲೆಕ್ಕದ 6.4 ಅನ್ನು ಮಿತಿ ಅಂತ ಬರೆಯಬೇಡಿ. ಅದರ ಕೆಳಗೆ ಎಲೆಕ್ಟ್ರಾನುಗಳಿಗೆ ಹೋಗುವ ಶಕ್ತಿ ಅಂತ ಸ್ರಿಮ್ ಕೊಡುವ ಅಂಕಿಯನ್ನು ಅನುಮಾನದಿಂದ ನೋಡಿ ಅನ್ನುವ ಎಚ್ಚರಿಕೆ ಅಂತ ಇಟ್ಟುಕೊಳ್ಳಿ.

ಮಿತಿಗಿಂತ ಕೆಳಗೂ ಪ್ರೋಟಾನಿನ ಶಕ್ತಿ ಹಾಗೇ ಉಳಿಯುವುದಿಲ್ಲ. ನ್ಯೂಕ್ಲಿಯಸ್‌ಗಳಿಗೆ ಡಿಕ್ಕಿ ಹೊಡೆಯುತ್ತಲೇ ಇರುತ್ತದೆ. ನೇರ ಡಿಕ್ಕಿಯಾದರೆ ಲಿಥಿಯಂಗೆ 44%, ಫ್ಲೋರಿನ್‌ಗೆ 19% ತನಕ ಕೊಡಬಹುದು. ಈ ಭಾಗವನ್ನು ಬಿಡಬೇಡಿ.

ನೀವೇ ಅಳೆಯುವುದಾದರೆ ದಪ್ಪ ಹರಳು ಬೇಡ, ಚಾರ್ಜ್ ಕೂತು ಕಿರಣವನ್ನೇ ತಳ್ಳುತ್ತದೆ. ಲೋಹದ ಮೇಲೆ ಕೆಲವೇ ನ್ಯಾನೋಮೀಟರ್ ಪದರ ಹಾಕಿ. ಸಾಧ್ಯವಾದರೆ ಡ್ಯೂಟರಾನಿನಲ್ಲೂ (ಪ್ರೋಟಾನಿನ ಜೊತೆ ಒಂದು ನ್ಯೂಟ್ರಾನು ಸೇರಿದ ಕಣ) ಅಳೆಯಿರಿ. ಒಂದೇ ವೇಗದಲ್ಲಿ ಎರಡೂ ಎಲೆಕ್ಟ್ರಾನುಗಳಿಗೆ ಕೊಡುವ ಶಕ್ತಿ ಒಂದೇ ಇರಬೇಕು, ಅಲ್ವಾ? ವ್ಯತ್ಯಾಸ ಬಂದರೆ ಮೊದಲು ನ್ಯೂಕ್ಲಿಯಸ್ ಡಿಕ್ಕಿಗಳ ಲೆಕ್ಕವನ್ನೇ ಮತ್ತೆ ನೋಡಿ.