ನೋವಿನ ಮಾತ್ರೆ ಶುರುವಾದ ಮೇಲೆ ಕೈಕಾಲು ಎಗರಿದರೆ, ನಡುಗಿದರೆ: ಮನೆಯಲ್ಲಿ ಗಮನಿಸುವುದು ಹೇಗೆ?

ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ನಮ್ಮ ಕೊಡಗಿನ ಔಷಧಿ ಅಂಗಡಿಗಳಿಗೆ ಸೊಂಟನೋವು, ಮಂಡಿನೋವು ಅಂತ ಬರುವ ಹೆಂಗಸರು ಜಾಸ್ತಿ. ಹೆಚ್ಚಿನವರು ನಲವತ್ತೈದು ದಾಟಿದವರು. ಸಾದಾ ಮಾತ್ರೆ ಸಾಲದಿದ್ದರೆ ಡಾಕ್ಟರು ಟ್ರಾಮಡಾಲ್ ಅಥವಾ ಟಪೆಂಟಡಾಲ್ ಬರೆಯುತ್ತಾರೆ, ಕ್ಯಾನ್ಸರ್ ನೋವಿಗೆ ಮಾರ್ಫಿನ್. ಇವೆಲ್ಲ ಓಪಿಯಾಯ್ಡ್ ಗುಂಪಿನವು, ಅಂದರೆ ಅಫೀಮಿನ ಹಾಗೆ ಕೆಲಸ ಮಾಡುವ ಬಲವಾದ ನೋವಿನ ಔಷಧಿಗಳು. ವಾಕರಿಕೆ, ಮಲಬದ್ಧತೆ ಬಂದರೆ ಎಲ್ಲರೂ ಹೇಳುತ್ತಾರೆ. ಕೈ ನಡುಗಿದರೆ, ಕಾಲು ಎಗರಿದರೆ ಮಾತ್ರ ಅದೂ ಈ ಮಾತ್ರೆಯಿಂದಲೇ ಇರಬಹುದು ಅಂತ ಹೊಳೆಯದೆ "ವಯಸ್ಸಾಯ್ತಲ್ಲ", "ಮುಟ್ಟು ನಿಲ್ಲೋ ಟೈಮಲ್ವಾ" ಅಂತ ಸುಮ್ಮನಾಗುತ್ತಾರೆ. ಇಲ್ಲವೇ ನಡುಕಕ್ಕೆ ಅಂತ ಇನ್ನೊಂದು ಮಾತ್ರೆ ಕೇಳುತ್ತಾರೆ. ಕೌಂಟರಿನ ಹಿಂದೆ ನಿಂತು ಇದನ್ನೇ ಮತ್ತೆ ಮತ್ತೆ ನೋಡಿ ಈ ಲೇಖನ ಬರೆಯುತ್ತಿದ್ದೇನೆ.

ಹಂತ 1: ಎಲ್ಲ ಮಾತ್ರೆ ಮೇಜಿನ ಮೇಲೆ ಸುರಿಯಿರಿ

ಬಿಪಿ ಮಾತ್ರೆ, ನಿದ್ದೆ ಮಾತ್ರೆ, ವಾಂತಿ ಮಾತ್ರೆ, ಕೆಮ್ಮಿನ ಸಿರಪ್, ಎಲ್ಲವೂ ಬರಲಿ. ದೊಡ್ಡ ಅಕ್ಷರದ ಕಂಪನಿ ಹೆಸರು ಬಿಡಿ, ಕೆಳಗಿನ ಸಣ್ಣ ಅಕ್ಷರ ಓದಿ. ಟ್ರಾಮಡಾಲ್ ಒಂಟಿಯಾಗಿಯೂ ಸಿಗುತ್ತದೆ, 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಜೊತೆ 37.5 ಮಿಲಿಗ್ರಾಂ ಸೇರಿಸಿಯೂ ಸಿಗುತ್ತದೆ. ಇಬ್ಬರು ಡಾಕ್ಟರ ಚೀಟಿಯಿಂದ ಎರಡೂ ಮನೆ ಸೇರಿರುವುದು ಅಪರೂಪವೇನಲ್ಲ.

ಎಸಿಟಲೋಪ್ರಾಮ್, ಸರ್ಟ್ರಲಿನ್, ಡುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್ ಇವೆಯಾ ನೋಡಿ. ಇವು ಮನಸ್ಸಿನ ಬೇಸರಕ್ಕೆ, ಕೆಲವು ನರದ ನೋವಿಗೂ ಕೊಡುವ ಮಾತ್ರೆಗಳು. ಟ್ರಾಮಡಾಲ್ ಜೊತೆ ಸೇರಿದರೆ ಮಿದುಳಿನಲ್ಲಿ ಸಿರೊಟೋನಿನ್ ಅನ್ನುವ ರಾಸಾಯನಿಕ ಮಿತಿಮೀರಿ ನಡುಕ, ಎಗರಾಟ ಬರಬಹುದು. ಮಳೆಗಾಲದ ಕೆಮ್ಮಿಗೆ ಕುಡಿಯುವ ಡೆಕ್ಸ್‌ಟ್ರೋಮೆಥಾರ್ಫಾನ್ ಸಿರಪ್ ಕೂಡ ಇದೇ ಸಾಲಿನದು. ನರದ ನೋವಿಗೆ ಕೊಡುವ ಪ್ರಿಗಾಬಲಿನ್, ಗಾಬಾಪೆಂಟಿನ್ ಇದ್ದರೆ ನಡಿಗೆ ವಾಲಬಹುದು. ವಾಂತಿಗೆ ಕೊಡುವ ಮೆಟೋಕ್ಲೋಪ್ರಮೈಡ್‌ನಿಂದಲೇ ಕತ್ತು, ದವಡೆ ತಿರುಚಿಕೊಳ್ಳುವುದೂ ಉಂಟು.

ಕಾಗದದ ಕವರಿನಲ್ಲಿ ಬಿಡಿಬಿಡಿಯಾಗಿ ಕೊಡುವ "ಮಂಡಿನೋವಿನ ಸೆಟ್" ಇದ್ದರೆ ನುಂಗಬೇಡಿ. ಒಳಗೆ ಏನಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಟ್ರಾಮಡಾಲ್ 2018ರಿಂದ ಎನ್‌ಡಿಪಿಎಸ್ ಕಾಯ್ದೆಯಡಿ, ಅಂದರೆ ಮಾದಕ ವಸ್ತುಗಳ ನಿಯಂತ್ರಣ ಕಾಯ್ದೆಯಡಿ ಇದೆ. ಚೀಟಿ ಇಲ್ಲದೆ ಕೊಡುವ ಅಂಗಡಿಗೆ ಹೋಗಲೇಬೇಡಿ.

ಹಂತ 2: ಏನಾಗುತ್ತಿದೆ ಅಂತ ಸರಿಯಾಗಿ ಗುರುತಿಸಿ

ಎಲ್ಲರೂ ಎಡವುವುದು ಇಲ್ಲೇ. ಡಾಕ್ಟರ ಮುಂದೆ ಕೂತು "ಒಂಥರಾ ನಡುಗುತ್ತೆ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ, ಆ ಹೊತ್ತಿಗೆ ಕೈ ನೆಟ್ಟಗೇ ಇರುತ್ತದೆ.

ಎಗರುವುದು ಬೇರೆ, ನಡುಗುವುದು ಬೇರೆ. ಕರೆಂಟ್ ಹೊಡೆದ ಹಾಗೆ ತೋಳೋ ಕಾಲೋ ಒಮ್ಮೆಗೇ ಎಗರಿ ಬಿದ್ದರೆ, ಕೈಯಲ್ಲಿದ್ದ ಲೋಟ ಹಾರಿ ಕಾಫಿ ಚೆಲ್ಲಿದರೆ, ಅದು ಮಯೋಕ್ಲೋನಸ್. ನಿದ್ದೆ ಹತ್ತುವಾಗ ಒಂದೆರಡು ಸಲ ಬೆಚ್ಚುವುದು ಎಲ್ಲರಿಗೂ ಇದೆ, ಅದಕ್ಕೆ ಹೆದರಬೇಡಿ. ಹಗಲು ಎಚ್ಚರವಾಗಿ ಕೂತಿರುವಾಗಲೂ ಎಗರುತ್ತಿದೆಯಾ ಅನ್ನುವುದೇ ಪ್ರಶ್ನೆ. ನಡುಕ ಅಂದರೆ ಒಂದೇ ಲಯದಲ್ಲಿ ಬಿಡದೆ ಅಲುಗುವುದು. ಚಡಪಡಿಕೆ ಮೂರನೆಯದು: ಕೂತರೆ ಆಗಲ್ಲ, ಮಲಗಿದರೆ ಆಗಲ್ಲ, ಕಾಲು ಆಡಿಸುತ್ತಲೇ ಇರಬೇಕು. ನಾಲ್ಕನೆಯದು ವಾಲಾಟ. ಎದ್ದ ತಕ್ಷಣ ಕಣ್ಣು ಕತ್ತಲೆ ಬರುವುದು, ತಿರುಗುವಾಗ ಗೋಡೆ ಹಿಡಿಯುವುದು ಇದರಲ್ಲಿ ಬರುತ್ತದೆ. ಪಾಚಿ ಕಟ್ಟಿದ ಅಂಗಳ, ಇಳಿಜಾರಿನ ತೋಟದ ದಾರಿ ಇರುವ ನಮ್ಮೂರಲ್ಲಿ ನನಗೆ ಹೆಚ್ಚು ಭಯ ಇದರದ್ದೇ.

ಫೋನಿನಲ್ಲಿ ವಿಡಿಯೊ ಮಾಡಿ. ಮುಖಕ್ಕಿಂತ ಕೈಕಾಲು ಮುಖ್ಯ, ಕಾಲುಚೀಲ ತೆಗೆಸಿ, ಬೆಳಕಿರುವ ಕಡೆ ಕೂರಿಸಿ. ಮೊದಲು ಎರಡೂ ಕೈ ಮುಂದೆ ಚಾಚಿ, ಅಂಗೈ ಎದುರಿಗೆ ಕಾಣುವ ಹಾಗೆ ಮಣಿಕಟ್ಟು ಮೇಲಕ್ಕೆ ಬಾಗಿಸಿ ಅರ್ಧ ನಿಮಿಷ ಹಿಡಿಯಲು ಹೇಳಿ. ಕೈ ಆಗಾಗ ಜಗ್ಗಿ ಕೆಳಗೆ ಬೀಳುತ್ತಿದ್ದರೆ ಡಾಕ್ಟರಿಗೆ ಅದು ದೊಡ್ಡ ಸುಳಿವು. ಆಮೇಲೆ ಅರ್ಧ ಲೋಟ ತಣ್ಣೀರು ಎತ್ತಿ ಕುಡಿಯಲಿ. ಕೊನೆಗೆ ಜಗುಲಿಯಲ್ಲಿ ನಡೆದು ತಿರುಗಿ ಬರಲಿ, ನೀವು ಪಕ್ಕದಲ್ಲೇ ಇರಿ. ಮೆಟ್ಟಿಲ ಮೇಲೆ ಈ ಪರೀಕ್ಷೆ ಬೇಡ. ಕಡೇ ಮಾತ್ರೆ ಎಷ್ಟು ಗಂಟೆಗೆ ನುಂಗಿದ್ದು ಅಂತ ವಿಡಿಯೊದಲ್ಲೇ ಜೋರಾಗಿ ಹೇಳಿಬಿಡಿ.

ಬೆವರನ್ನೂ ಗಮನಿಸಿ. ಮುಟ್ಟು ನಿಲ್ಲುವ ಕಾಲದ ಸೆಕೆ ಮುಖ, ಎದೆಗೆ ಏರಿ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಬೆವರು ಇಳಿಯದೆ ಜೊತೆಗೆ ನಡುಕ, ಭೇದಿ, ಕಳವಳ ಇದ್ದರೆ ಅದನ್ನು ಸೆಕೆ ಅಂತ ತಳ್ಳಿಹಾಕಬೇಡಿ.

ಹಂತ 3: ಬರೆದಿಡಿ

ಮಾತ್ರೆಯ ಹೊತ್ತು, ಎಗರಿದ ಹೊತ್ತು. ಕ್ಯಾಲೆಂಡರಿನ ಮೇಲೆ ಬರೆದರೂ ಸಾಕು.

ಹಂತ 4: ಡಾಕ್ಟರನ್ನು ಕಾಣುವ ತನಕ

ನೋವಿನ ಮಾತ್ರೆಯನ್ನು ಕೆಲವು ವಾರದಿಂದ ತಗೊಳ್ಳುತ್ತಿದ್ದರೆ ನೀವೇ ದಿಢೀರನೆ ನಿಲ್ಲಿಸಬೇಡಿ. ನಿಲ್ಲಿಸಿದ್ದರಿಂದಲೇ ಕಾಲು ಚಡಪಡಿಕೆ, ಬೆವರು, ಭೇದಿ ಶುರುವಾಗಿ ಯಾವುದು ಯಾತರಿಂದ ಅಂತ ತಿಳಿಯದೆ ಹೋಗುತ್ತದೆ. ಡೋಸ್ ಹೆಚ್ಚಿಸುವುದೂ ಬೇಡ. ಅದೇ ದಿನ ಚೀಟಿ ಬರೆದವರಿಗೆ ಫೋನ್ ಮಾಡಿ. ಮನೆಯಲ್ಲೇ ಮಾಡಿದ ವೈನ್ ಆದರೂ ಈ ಮಾತ್ರೆಗಳ ಜೊತೆ ಒಂದು ಗುಟುಕೂ ಬೇಡ, ಹಬ್ಬವಿರಲಿ, ಮದುವೆಯಿರಲಿ. ಬ್ಯುಪ್ರೆನಾರ್ಫಿನ್ ಅಥವಾ ಫೆಂಟನಿಲ್ ಅನ್ನುವ ಓಪಿಯಾಯ್ಡ್ ಪ್ಯಾಚ್ ಚರ್ಮಕ್ಕೆ ಅಂಟಿಸಿಕೊಂಡವರು ಅದರ ಮೇಲೆ ಬಿಸಿನೀರಿನ ಚೀಲ ಇಡಬಾರದು, ಅದಕ್ಕೆ ಒಲೆಯ ಶಾಖ ತಾಗಿಸಬಾರದು. ಬಿಸಿಗೆ ಔಷಧಿ ಬೇಗ ಬೇಗ ಮೈಗೆ ಸೇರುತ್ತದೆ.

ಹಂತ 5: ಕಾಯಬಾರದ ಲಕ್ಷಣ

ಜ್ವರ, ಮೈ ಸೆಟೆತ, ಗಲಿಬಿಲಿ ಒಟ್ಟಿಗೆ ಬಂದರೆ, ಫಿಟ್ಸ್ ಆದರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ಮುಂದಿನ ಡೋಸ್ ಕೊಡಬೇಡಿ. ಪ್ಯಾಚ್ ಇದ್ದರೆ ಕಿತ್ತುಹಾಕಿ, 108ಕ್ಕೆ ಫೋನ್ ಮಾಡಿ. ಆಷಾಢದ ಮಳೆಯಲ್ಲಿ ಮರ ಬಿದ್ದು ರಸ್ತೆ ಬಂದ್ ಆಗುವ ಊರು ನಮ್ಮದು, "ಬೆಳಿಗ್ಗೆ ನೋಡೋಣ" ಅನ್ನಬೇಡಿ.

ಹಂತ 6: ಡಾಕ್ಟರ ಹತ್ತಿರ

ವಿಡಿಯೊ ತೋರಿಸಿ, ಸ್ಟ್ರಿಪ್‌ಗಳನ್ನೆಲ್ಲ ಮುಂದಿಡಿ. ಕಿಡ್ನಿಗೆ ಕ್ರಿಯಾಟಿನಿನ್ ಪರೀಕ್ಷೆ ಬೇಕಾ ಅಂತ ನೀವಾಗಿಯೇ ಕೇಳಿ. ಕಿಡ್ನಿ ಸೋತಿದ್ದರೆ ಮಾರ್ಫಿನ್ ಒಡೆದು ಬರುವ ಪದಾರ್ಥ ಹೊರಹೋಗದೆ ಉಳಿದು ಕೈಕಾಲು ಎಗರಿಸುತ್ತದೆ. ಡೋಸ್ ಇಳಿಸುವುದು, ಓಪಿಯಾಯ್ಡನ್ನೇ ಬದಲಿಸುವುದು, ಜೊತೆಯ ಮಾತ್ರೆ ತೆಗೆಯುವುದು, ದಾರಿಗಳು ಇವೆ. ಬದಲಿಸಿದ ಮೇಲೆ ಅದೇ ಮೂರು ವಿಡಿಯೊ ಮತ್ತೆ ಮಾಡಿ, ಹೋಲಿಸಿ ನೋಡಲು ಬೇಕಾಗುತ್ತದೆ. ಔಷಧಿಯ ಅಡ್ಡಪರಿಣಾಮವನ್ನು ರೋಗಿಗಳೂ ನೇರವಾಗಿ ವರದಿ ಮಾಡಬಹುದು, ಸರ್ಕಾರದ ಉಚಿತ ಸಹಾಯವಾಣಿ 1800-180-3024. ಬ್ಯಾಚ್ ನಂಬರ್ ಕೇಳುತ್ತಾರೆ, ಖಾಲಿ ಸ್ಟ್ರಿಪ್ ಎಸೆಯದೆ ಇಟ್ಟುಕೊಂಡಿರಿ.