ಮುಳುಗು ಹಾಕುವ ಮುನ್ನ ಉಸಿರಿನ ಲೆಕ್ಕ

ಬೇಸಿಗೆ ರಜೆ ಬಂತೆಂದರೆ ಕೊಡಗಿನ ಕೆರೆಗಳಲ್ಲೂ ಹೊಳೆಯ ಮಡುಗಳಲ್ಲೂ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆಂದು ಮಕ್ಕಳು ಪಂಥ ಕಟ್ಟುತ್ತಾರೆ. ಮುಳುಗುವ ಮುನ್ನ ಹತ್ತಿಪ್ಪತ್ತು ಬಾರಿ ರಭಸದಿಂದ ಉಸಿರೆಳೆದು ಬಿಡುವುದು ನಮ್ಮ ಕಾಲದಲ್ಲೂ ಇತ್ತು. ದಮ್ಮು ಕಟ್ಟುವುದನ್ನು ಕಲಿಯಬಯಸುವವರು ಎಲ್ಲಕ್ಕಿಂತ ಮೊದಲು ಬಿಡಬೇಕಾದ ಅಭ್ಯಾಸ ಇದು.

ಉಸಿರು ಕಟ್ಟಿದಾಗ ಎದೆಯಲ್ಲಿ ಏಳುವ ತಳಮಳಕ್ಕೆ ಮುಖ್ಯ ಕಾರಣ ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಏರುತ್ತಿರುವ ಇಂಗಾಲದ ಡೈಆಕ್ಸೈಡ್. ರಭಸದ ಉಸಿರಾಟದಿಂದ ಈ ಅನಿಲ ಹೊರಗೆ ಹೋಗುತ್ತದೆ. ಆದರೆ ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕ ಮೊದಲೇ ಹೆಚ್ಚುಕಡಿಮೆ ಭರ್ತಿಯಾಗಿರುವುದರಿಂದ ಅದರ ದಾಸ್ತಾನು ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಹೀಗಾಗಿ ಉಸಿರಾಡಬೇಕೆಂಬ ಒತ್ತಡ ಹುಟ್ಟುವ ಮೊದಲೇ ಮಿದುಳಿಗೆ ಆಮ್ಲಜನಕ ಸಾಲದೆ, ಯಾವ ಸೂಚನೆಯೂ ಇಲ್ಲದೆ ನೀರೊಳಗೇ ಪ್ರಜ್ಞೆ ತಪ್ಪಬಹುದು. ಒಳ್ಳೆಯ ಈಜುಗಾರರೂ ಎದೆಮಟ್ಟದ ನೀರಿನಲ್ಲಿ ಪ್ರಾಣ ಕಳೆದುಕೊಳ್ಳುವುದು ಹೀಗೆ.

ದೇಹಕ್ಕೆ ತನ್ನದೇ ಆದ ರಕ್ಷಣೆಯೂ ಇದೆ. ಅದನ್ನು ಮನೆಯಲ್ಲೇ ಕಾಣಬಹುದು. ಅಗಲವಾದ ಬೇಸಿನ್ನಿನಲ್ಲಿ ತಣ್ಣನೆಯ ನೀರು ತುಂಬಿ, ಸಹಜವಾಗಿ ಒಂದು ಉಸಿರೆಳೆದು, ಹಣೆ ಮತ್ತು ಮೂಗು ಮುಳುಗುವಂತೆ ಮುಖವಿಡಿ. ಜೊತೆಯಲ್ಲಿರುವವರು ಮಣಿಕಟ್ಟಿನ ನಾಡಿ ಎಣಿಸಲಿ. ಮಡಿಕೇರಿಯ ಡಿಸೆಂಬರ್ ಮುಂಜಾನೆಯ ನಲ್ಲಿ ನೀರಾದರೆ ಐಸ್ ಬೇಕಾಗಿಲ್ಲ. 72 ಇದ್ದ ನನ್ನ ನಾಡಿ ಅರ್ಧ ನಿಮಿಷದೊಳಗೆ 58ಕ್ಕೆ ಇಳಿದಿತ್ತು. ಮುಖದ ಚರ್ಮಕ್ಕೆ ತಣ್ಣೀರು ತಾಗಿದೊಡನೆ ಹೃದಯ ನಿಧಾನಿಸುತ್ತದೆ, ಕೈಕಾಲುಗಳ ರಕ್ತನಾಳಗಳು ಕಿರಿದಾಗಿ ರಕ್ತ ಹೃದಯಕ್ಕೂ ಮಿದುಳಿಗೂ ಮೀಸಲಾಗುತ್ತದೆ, ಹೊಟ್ಟೆಯ ಎಡಭಾಗದಲ್ಲಿ ರಕ್ತ ಕೂಡಿಡುವ ಅಂಗವಾದ ಗುಲ್ಮವೂ ಸಂಕುಚಿಸಿ ಆಮ್ಲಜನಕ ಹೊರುವ ಕೆಂಪು ರಕ್ತಕಣಗಳನ್ನು ಹೊರಬಿಡುತ್ತದೆ. ಹೃದ್ರೋಗವಿರುವವರು ಈ ಪರೀಕ್ಷೆಗೆ ಕೈಹಾಕಬಾರದು.

ಅಭ್ಯಾಸವನ್ನು ನೆಲದ ಮೇಲೆ, ಕುರ್ಚಿಯಲ್ಲಿ ಕುಳಿತು ಆರಂಭಿಸಿ. ಎರಡು ನಿಮಿಷ ನಿರಾಳವಾಗಿ ಉಸಿರಾಡಿ, ಒಮ್ಮೆ ಪೂರ್ತಿ ಉಸಿರೆಳೆದು ಕಟ್ಟಿ. ಹೊಟ್ಟೆಯ ಮೇಲ್ಭಾಗ ತಾನಾಗಿ ಅದುರತೊಡಗಿದರೆ ಅದು ವಪೆಯ (ಎದೆಗೂಡು ಮತ್ತು ಹೊಟ್ಟೆಯ ನಡುವೆ ಇದ್ದು ಉಸಿರಾಟ ನಡೆಸುವ ಸ್ನಾಯುವಿನ) ಕರೆ, ಅಲ್ಲಿಗೆ ಬಿಟ್ಟುಬಿಡಿ. ಕಟ್ಟಿದ ಹೊತ್ತಿನ ಎರಡರಷ್ಟಾದರೂ ವಿಶ್ರಾಂತಿಯಿರಲಿ. ದುಡಿಯುವ ಸ್ನಾಯುಗಳು ಆಮ್ಲಜನಕವನ್ನು ಹಲವು ಪಟ್ಟು ವೇಗವಾಗಿ ಖರ್ಚು ಮಾಡುವುದರಿಂದ, ಕುಳಿತಲ್ಲಿ ಸಿಕ್ಕ ಸಮಯ ನೀರಡಿಯಲ್ಲಿ ಈಜುವಾಗ ಸಿಗದು.

ತೋಟದ ಕೆಲಸಕ್ಕೂ ಇದು ಸಂಬಂಧಿಸಿದೆ. ಕಾಫಿ ಮೂಟೆ ಎತ್ತುವಾಗ ದಮ್ಮು ಬಿಗಿಹಿಡಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ, ಬಿಟ್ಟೊಡನೆ ಇಳಿದು ಕಣ್ಣು ಕತ್ತಲೆ ಬರುತ್ತದೆ. ರಕ್ತದೊತ್ತಡವಿರುವವರು ಮೂಟೆ ಮೇಲೇಳುವಾಗ ಉಸಿರು ಬಿಡುತ್ತಿರಬೇಕು.

ನೀರಿಗಿಳಿಯುವುದಾದರೆ ಸೆಳೆತವಿರುವ ಕಾವೇರಿಯೂ ಜಲಪಾತದ ಗುಂಡಿಯೂ ಬೇಡವೇ ಬೇಡ; ನಿಂತ, ತಿಳಿಯಾದ, ಎದೆಮಟ್ಟದ ನೀರು ಸಾಕು. ಆಳಕ್ಕೆ ಹೋಗುವವರಿಗೆ ಇನ್ನೊಂದು ಅಪಾಯವಿದೆ: 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟಿರುತ್ತದೆ, ಮೇಲೇರುವಾಗ ಅದು ಇಳಿದಂತೆ ಶ್ವಾಸಕೋಶದ ಆಮ್ಲಜನಕದ ಒತ್ತಡವೂ ಕುಸಿದು, ದಡ ಸಿಕ್ಕಿತೆನ್ನುವಾಗಲೇ ಎಚ್ಚರ ತಪ್ಪುತ್ತದೆ. ಆದ್ದರಿಂದ ಇಬ್ಬರೂ ಒಟ್ಟಿಗೆ ಮುಳುಗಬಾರದು. ಒಬ್ಬರು ಕೈಗೆಟಕುವಷ್ಟು ಹತ್ತಿರ ನಿಂತು ನೋಡುತ್ತಿರಬೇಕು, ಮುಳುಗಿದವರು ಮೇಲೆ ಬಂದ ಮೇಲೂ 30 ಸೆಕೆಂಡು ಅವರ ಮುಖದಿಂದ ಕಣ್ಣು ತೆಗೆಯಬಾರದು.